ಏಳು ವರ್ಷದ ಪಿಳ್ಳಮ್ಮ

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಪ್ಪತ್ತೊಂಬತ್ತು ವರ್ಷದ ನನ್ನ ಅತ್ತೆಯನ್ನು ಏಳು ವರ್ಷದ ಮಗು ಎಂದು ಬರೆಸಿದವನು ನಾನೇ. ಅದಕ್ಕೆ ನನಗೆ ನಾಚಿಕೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. (ನಾಚಿಕೆ ಸ್ವಲ್ಪ ಇದೆ. ಆದರೆ ಮನೆಯಲ್ಲಿ ಅದನ್ನು ತೋರಿಸಿಕೊಂಡರೆ ಈಗ ಇರುವ ಸ್ಥಾನವೂ ಹೋಗುತ್ತದೆ.) ನನ್ನ ದೂರು ಬೇರೆ. ಹೊಸಕೋಟೆಯಿಂದ ನಂದಗುಡಿಯವರೆಗೆ ಹರಡಿಕೊಂಡಿರುವ ನನ್ನ ಹೆಂಡತಿಯ ಕಡೆಯ ನೆಂಟರೆಲ್ಲ ಈಗ ನನ್ನನ್ನು "ಅತ್ತೆಗೆ ಹಾಫ್ ಟಿಕೆಟ್ ತೆಗೆಸಿದ ಅಳಿಯ" ಎಂದು ಗುರುತಿಸುತ್ತಾರೆ. ಆ ನಾಲ್ಕು ದಿನ ಯಾರು ಎಲ್ಲಿ ಮಲಗಿದರು, ಯಾರು ಏನು ತಿಂದರು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ನೀವಾದರೂ ಕೇಳಿ, ಆಮೇಲೆ ತೀರ್ಪು ಕೊಡಿ.

ನನ್ನ ಹೆಸರು ಉಮಾಶಂಕರ್. ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ನಟ್ಟು, ಬೋಲ್ಟು, ವಾಷರುಗಳ ಆ ಸಾಮ್ರಾಜ್ಯಕ್ಕೆ ನಾನೇ ಚಕ್ರವರ್ತಿ. ಒಂದು ವಾಷರ್ ಹೊರಗೆ ಹೋಗಬೇಕಾದರೂ ನನ್ನ ಸಹಿ ಬೇಕು. ಹೊಸಕೋಟೆಯ ನನ್ನ ಮನೆಯಲ್ಲಿ ನಾನೇ ಹೊರಗೆ ಹೋಗಬೇಕಾದರೂ ಪ್ರಮೋದಾಳ ಸಹಿ ಬೇಕು. ಪ್ರಮೋದಾ ನನ್ನ ಹೆಂಡತಿ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾಯಿತು. ಇಷ್ಟು ವರ್ಷದಲ್ಲಿ ನೀವಿಬ್ಬರೇ ಎಲ್ಲಿಗಾದರೂ ಹೋಗಿದ್ದೀರಾ ಎಂದು ಕೇಳಿದರೆ, ಹೋಗಿದ್ದೇವೆ. ಬ್ಯಾಂಕಿಗೆ, ಜಂಟಿ ಖಾತೆ ತೆರೆಯಲು. ಮದುವೆಯಾದ ಹೊಸದರಲ್ಲಿ ಊಟಿಗೆ ಹೋದಾಗ ಮೆಟಡೋರಿನಲ್ಲಿ ಹದಿಮೂರು ಜನ ಇದ್ದೆವು. ಕೆರೆಯ ದೋಣಿಯಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ಕೂತವನು ನನ್ನ ಭಾವಮೈದ ಕೆಂಪರಾಜು. ಅವನಿಗೆ ಘಾಟಿ ರಸ್ತೆಯಲ್ಲಿ ವಾಂತಿಯಾಗಿತ್ತು.

ಹೀಗಿರುವಾಗ ನನ್ನ ಕೈಗೆ ಒಂದು ಕ್ರೆಡಿಟ್ ಕಾರ್ಡು ಬಂತು. ಅದರಲ್ಲಿ ಏನು ಕೊಂಡರೂ ಪಾಯಿಂಟು ಸಿಗುತ್ತದೆ, ಪಾಯಿಂಟುಗಳು ಕೂಡಿದರೆ ಪುಕ್ಕಟೆ ಪ್ರವಾಸ ಹೋಗಬಹುದು ಎಂದು ತಿಳಿದ ದಿನದಿಂದ ನಾನು ಮನುಷ್ಯನಾಗಿ ಉಳಿಯಲಿಲ್ಲ. ಕೆಂಪರಾಜು ಟ್ರ್ಯಾಕ್ಟರಿಗೆ ಟೈರು ಹಾಕಿಸಿದರೆ ನನ್ನ ಕಾರ್ಡು. ಪಕ್ಕದ ಮನೆಯವರು ಫ್ರಿಜ್ ಕೊಂಡರೆ ನನ್ನ ಕಾರ್ಡು. ಮದುವೆಮನೆಗೆ ಹೋದರೆ ಮದುಮಕ್ಕಳನ್ನು ನೋಡುವ ಮೊದಲು, ಛತ್ರದ ಬಾಡಿಗೆ ಕಟ್ಟುವವರು ಯಾರೆಂದು ವಿಚಾರಿಸಿ ಅವರ ಪಕ್ಕ ಕೂರುತ್ತಿದ್ದೆ. ಕಾರ್ಡು ತೆಗೆದುಕೊಳ್ಳದ ಗಾಡಿಯವನ ಹತ್ತಿರ ಕೊತ್ತಂಬರಿ ಸೊಪ್ಪು ಕೊಂಡಳೆಂದು ಪ್ರಮೋದಾಳ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ. (ಅವಳು ಗಮನಿಸಲಿಲ್ಲ. ಮೂರನೆಯ ದಿನ ನಾನೇ ಮಾತಾಡಿದೆ.)

ಒಂಬತ್ತು ವರ್ಷ ಈ ತಪಸ್ಸು ನಡೆಯಿತು. ಕಳೆದ ಏಪ್ರಿಲ್‌ನಲ್ಲಿ ದೇವರು ಪ್ರತ್ಯಕ್ಷನಾದ. ಮೊಬೈಲಿನ ಪಟ್ಟಿಯಲ್ಲಿ ಗೋವಾದ ಸಮುದ್ರದ ದಂಡೆಯ ಒಂದು ರೆಸಾರ್ಟು ಬಂತು. ಮಳೆಗಾಲಕ್ಕೆ ಮುಂಚಿನ ವಾರವಾದ್ದರಿಂದ ಅರ್ಧ ಪಾಯಿಂಟಿಗೇ ನಾಲ್ಕು ದಿನ, ಇಬ್ಬರು. ಅದರ ಮೇಲೆ "ಆಲ್ ಇನ್‌ಕ್ಲೂಸಿವ್" ಎಂದು ಬರೆದಿತ್ತು. ಒಳಗೆ ಕಾಲಿಟ್ಟ ಮೇಲೆ ತಿಂಡಿ, ಊಟ, ಜ್ಯೂಸು ಮತ್ತು ಜ್ಯೂಸಿನ ಹಾಗೆಯೇ ಕಾಣುವ ಇತರ ದ್ರವಗಳು, ಎಲ್ಲವೂ ಲೆಕ್ಕದೊಳಗೇ ಸೇರಿದವು, ಜೇಬಿಗೆ ಕೈ ಹಾಕುವ ಹಾಗಿಲ್ಲ ಎಂದರ್ಥ. ಜೇಬಿಗೆ ಕೈ ಹಾಕದಿರುವುದು ನಮ್ಮ ವಂಶದ ಗುಣವಾದ್ದರಿಂದ ನನಗೆ ಅದು ನಮಗಾಗಿಯೇ ಕಟ್ಟಿಸಿದ ಜಾಗದಂತೆ ಕಂಡಿತು.

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: "ಅಡಲ್ಟ್ಸ್ ಓನ್ಲಿ".

ಓದಿ ನನ್ನ ಕಿವಿ ಬಿಸಿಯಾಯಿತು. ವಯಸ್ಕರಿಗೆ ಮಾತ್ರ ಎಂಬ ಮಾತನ್ನು ನಮ್ಮ ಕಾಲದಲ್ಲಿ ಸಿನಿಮಾ ಪೋಸ್ಟರಿನ ಮೂಲೆಯಲ್ಲಿ ನೋಡಿದ್ದೇ ಹೊರತು ಬೇರೆಲ್ಲೂ ಇಲ್ಲ. ಅಲ್ಲಿ ಸ್ವಲ್ಪ ಆ ಥರದ ವಾತಾವರಣ ಇರಬಹುದು, ಬಟ್ಟೆಗೆ ಬರ ಬಂದವರು ಓಡಾಡಬಹುದು ಎಂದು ಅರ್ಥ ಮಾಡಿಕೊಂಡೆ. ಪ್ರಮೋದಾಳಿಗೆ ಹೇಳಲಿಲ್ಲ. ಸಂಸಾರಸ್ಥನೊಬ್ಬ ಲೋಕಾನುಭವಕ್ಕಾಗಿ ನೋಡಿ ಬಂದರೆ ತಪ್ಪಿಲ್ಲ ಎಂದು ನನಗೆ ನಾನೇ ಅನುಮತಿ ಕೊಟ್ಟುಕೊಂಡೆ. ಅದು ಮಕ್ಕಳನ್ನು ಒಳಗೆ ಬಿಡದ ಜಾಗ, ಗಲಾಟೆಯಿಲ್ಲದೆ ದೊಡ್ಡವರು ಮಾತ್ರ ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಮಾಡಿದ ವ್ಯವಸ್ಥೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಮ್ಮೂರ ಟೆಂಟಿನಲ್ಲಿ ಅಂಥ ಪಿಕ್ಚರಿಗೂ ಅಪ್ಪನ ಕೈ ಹಿಡಿದ ಮಕ್ಕಳನ್ನು ಅರ್ಧ ಟಿಕೆಟಿಗೆ ಬಿಡುತ್ತಿದ್ದರು. ಇಂಥ ಸಂಸ್ಕಾರದಲ್ಲಿ ಬೆಳೆದವನಿಗೆ ಬೇರೆ ಅರ್ಥ ಎಲ್ಲಿಂದ ಬರಬೇಕು?

ಸಂಜೆ ಪ್ರಮೋದಾ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಾಗ ವಿಷಯ ತೆಗೆದೆ. ಒಂಬತ್ತು ವರ್ಷದ ನನ್ನ ಸಾಧನೆಯನ್ನು, ಸಮುದ್ರವನ್ನು, ಲೆಕ್ಕವಿಲ್ಲದ ಊಟವನ್ನು ವರ್ಣಿಸಿದೆ. ಅವಳ ಮುಖ ಅರಳಿತು. ನನಗೆ ಇನ್ನೂ ಹುರುಪು ಬಂತು.

"ನಾವಿಬ್ರೇ ಹೋಗಿ ಬರೋಣ ಅಂತ," ಎಂದೆ.

"ಹೂಂ, ಹೋಗೋಣ. ಅಮ್ಮನ್ನ ಕರ್ಕೊಂಡು ನಾವಿಬ್ರೇ ಹೋಗೋಣ," ಎಂದಳು.

ಅಮ್ಮ ಎಂದರೆ ನನ್ನ ಅತ್ತೆ ಪಿಳ್ಳಮ್ಮ. ನಂದಗುಡಿಯಲ್ಲಿ ಕೆಂಪರಾಜು ಹಳೆಯ ಮನೆ ಕೆಡವಿ ಮಹಡಿ ಮನೆ ಎಬ್ಬಿಸುತ್ತಿದ್ದುದರಿಂದ ಸಂಕ್ರಾಂತಿಯಿಂದ ನಮ್ಮಲ್ಲೇ ಇದ್ದರು. ನಾಲ್ಕು ದಿನದ ಮಟ್ಟಿಗೆ ಅವರನ್ನು ಕೆಂಪರಾಜುವಿನ ಹತ್ತಿರ ಬಿಡಬಹುದಲ್ಲ ಎಂದೆ. ಅವನೇ ಶೆಡ್ಡಿನಲ್ಲಿ ಮಲಗುತ್ತಿದ್ದಾನೆ, ಅಮ್ಮನನ್ನು ಸಿಮೆಂಟು ಮೂಟೆಯ ಮೇಲೆ ಮಲಗಿಸಲೇ ಎಂದು ಪ್ರಮೋದಾ ಕೇಳಿದಳು. ನಾನು ಕೆಂಪರಾಜುವಿಗೆ ಫೋನ್ ಮಾಡಿದೆ. ಅವನು ಎಷ್ಟು ಸಂತೋಷಪಟ್ಟನೆಂದರೆ ಅಮ್ಮನ ವಿಮಾನದ ಟಿಕೆಟ್ಟಿನ ದುಡ್ಡನ್ನು ಮಾತು ಮುಗಿಯುವ ಮೊದಲೇ ಕಳಿಸಿಬಿಟ್ಟ.

ಅಷ್ಟರಲ್ಲಿ ಅತ್ತೆಯವರೇ ನಡುಮನೆಗೆ ಬಂದು ಬಾಗಿಲಿಗೆ ಒರಗಿ ನಿಂತರು. ಅವರು ಹುಟ್ಟಿದ್ದು, ಮದುವೆಯಾಗಿದ್ದು, ಮಕ್ಕಳನ್ನು ಹೆತ್ತಿದ್ದು ಎಲ್ಲ ಇದೇ ತಾಲ್ಲೂಕಿನೊಳಗೆ. ಸಮುದ್ರವನ್ನು ಟೀವಿಯಲ್ಲಿ ಮಾತ್ರ ಕಂಡವರು.

"ಹೊಸ್ಕೋಟೆ ಕೆರೆ ಕೋಡಿ ಬಿದ್ದಾಗ ಎಷ್ಟು ಕಾಣ್ತದೋ ಅಷ್ಟಿರ್ತದೇನಪ್ಪಾ ಸಮುದ್ರ?" ಎಂದು ಕೇಳಿದರು.

ಅದಕ್ಕಿಂತ ದೊಡ್ಡದು ಎಂದೆ. ಎಷ್ಟು ದೊಡ್ಡದು ಎಂದರು. ಆ ಕಡೆಯ ದಡ ಕಾಣುವುದಿಲ್ಲ ಎಂದೆ. ಅವರು ನನ್ನನ್ನು ಸುಳ್ಳುಗಾರನನ್ನು ನೋಡುವ ಹಾಗೆ ನೋಡಿ, ಹಾಗಿದ್ದರೆ ಒಂದು ಸಲ ನೋಡಿಯೇಬಿಡುತ್ತೇನೆ ಎಂದರು. ಎಪ್ಪತ್ತೊಂಬತ್ತು ವರ್ಷದವರು ಹಾಗೆ ಕೇಳಿದ ಮೇಲೆ ಬೇಡ ಎನ್ನುವಷ್ಟು ಕಟುಕ ನಾನಲ್ಲ. ಇದನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ, ಏಕೆಂದರೆ ನೆಂಟರು ಯಾರೂ ಈ ಭಾಗವನ್ನು ಹೇಳುವುದಿಲ್ಲ.

ಈಗ ಆ ಫಾರಮ್ಮಿನ ವಿಷಯ. ರೂಮಿನಲ್ಲಿ ಮೂರನೆಯವರನ್ನು ಸೇರಿಸಲು ಹೋದರೆ ಮೊಬೈಲು ಎರಡು ದಾರಿ ತೋರಿಸಿತು. ದೊಡ್ಡವರಾದರೆ ಇನ್ನೂ ಮೂವತ್ತು ಸಾವಿರ ಪಾಯಿಂಟು. ಹನ್ನೆರಡರೊಳಗಿನ ಮಗುವಾದರೆ ಉಚಿತ. ಆ ರೆಸಾರ್ಟಿನ ಕಂಪನಿಗೆ ಊರೂರಿಗೂ ಹೋಟೆಲುಗಳಿವೆಯಂತೆ, ಎಲ್ಲಕ್ಕೂ ಒಂದೇ ಫಾರಮ್ಮಂತೆ, ಇದೆಲ್ಲ ಆಮೇಲೆ ತಿಳಿದದ್ದು. ನನ್ನಲ್ಲಿ ಉಳಿದಿದ್ದದ್ದು ಐನೂರು ಚಿಲ್ಲರೆ ಪಾಯಿಂಟು. ಮೂವತ್ತು ಸಾವಿರ ಕೂಡಿಸಬೇಕಾದರೆ ಕೆಂಪರಾಜು ಇನ್ನೂ ಎರಡು ಮನೆ ಕಟ್ಟಬೇಕು. ನಾನು ಐದು ನಿಮಿಷ ಯೋಚಿಸಿದೆ. ಅತ್ತೆಯವರ ಆಹಾರ ಒಂದು ಮುದ್ದೆ, ಒಂದು ಲೋಟ ಹಾಲು. ತೂಕ ಮೂವತ್ತೆಂಟು ಕೆಜಿ. ಮಲಗಿದರೆ ಮಂಚದ ಮೂಲೆಯಲ್ಲಿ ಮುದುರಿಕೊಳ್ಳುತ್ತಾರೆ. ಯಾವ ದೃಷ್ಟಿಯಿಂದ ನೋಡಿದರೂ ಮಗುವೇ. ಎಪ್ಪತ್ತೊಂಬತ್ತರಲ್ಲಿ ಏಳನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಬಿಟ್ಟೆ. ಅಂದರೆ ನಾನು ಬರೆದದ್ದು ಸುಳ್ಳಲ್ಲ, ಅಪೂರ್ಣ ಸತ್ಯ.

ಕೆಳಗೆ "ಮಗುವಿನ ಬಗ್ಗೆ ವಿಶೇಷ ಕೋರಿಕೆ" ಎಂಬ ಅಂಕಣವಿತ್ತು. ಅಲ್ಲಿಗೇ ಬಿಡಬಹುದಿತ್ತು. ಆದರೆ ನಾನು ಕರ್ತವ್ಯನಿಷ್ಠ ಅಳಿಯ. ಖಾರ ಕಮ್ಮಿ ಇರಲಿ, ಮಲಗುವ ಮುಂಚೆ ಬಿಸಿ ಹಾಲು ಕೊಡಿ, ಹಲ್ಲಿಲ್ಲದ್ದರಿಂದ ಗಟ್ಟಿ ಪದಾರ್ಥ ಬೇಡ ಎಂದು ಬರೆದೆ. ಏಳು ವರ್ಷದ ಮಕ್ಕಳಿಗೆ ಮುಂದಿನ ಹಲ್ಲು ಬಿದ್ದಿರುತ್ತದೆಯಾದ್ದರಿಂದ ಅದೂ ಹೊಂದಿಕೊಂಡಿತು. ನನ್ನ ಜಾಣತನಕ್ಕೆ ನಾನೇ ತಲೆದೂಗಿ, ಹೆಂಡತಿಗೆ ಮಾತ್ರ ಎಲ್ಲವೂ ಸಲೀಸಾಯಿತು ಎಂದು ಹೇಳಿದೆ.

ಮೇ ಕೊನೆಯ ವಾರ ಬೆಳಗ್ಗೆ ದೇವನಹಳ್ಳಿಯಿಂದ ವಿಮಾನ ಹತ್ತಿದೆವು. ಅತ್ತೆಯವರು ಕಿಟಕಿಯ ಪಕ್ಕ ಕೂತು, ತಮ್ಮ ರಾಗಿ ಹೊಲ ಕಾಣುತ್ತದೆಯೇ ಎಂದು ಕೊನೆಯವರೆಗೂ ಹುಡುಕಿದರು. ಗೋವಾದಲ್ಲಿ ಇಳಿದು ಟ್ಯಾಕ್ಸಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ರೆಸಾರ್ಟು ತಲುಪಿದೆವು. ಅಮೃತಶಿಲೆಯ ಹಜಾರ, ಒಳಗೇ ಒಂದು ಕೊಳ, ಆಚೆಗೆ ತೆಂಗಿನ ಮರ, ಅದರಾಚೆಗೆ ಬರೀ ನೀಲಿ. ನಮಗೆ ಎಳನೀರು ಕೊಟ್ಟು ಸೋಫಾದಲ್ಲಿ ಕೂರಿಸಿದರು. ನಾನು ಕಾಲ ಮೇಲೆ ಕಾಲು ಹಾಕಿಕೊಂಡೆ. ನನ್ನ ಜೀವನದ ಅತ್ಯುನ್ನತ ಹತ್ತು ನಿಮಿಷಗಳು ಅವು.

ಕೌಂಟರಿನ ಹೆಣ್ಣುಮಗಳು ಬಂಗಾರದ ಬಣ್ಣದ ಎರಡು ಪಟ್ಟಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಳು. ಅದನ್ನು ಮಣಿಕಟ್ಟಿಗೆ ಕಟ್ಟಿಕೊಂಡವರಿಗೇ ಅಲ್ಲಿ ಅನ್ನ ನೀರು ಎಲ್ಲ. ಅವಳು ನಮ್ಮ ಹಿಂದೆ ಮುಂದೆ ನೋಡಿ, ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ, ಮಗು ಎಲ್ಲಿದೆ ಸರ್ ಎಂದು ಕೇಳಿದಳು. ಇಲ್ಲಿ ಮಕ್ಕಳನ್ನು ಬಿಡುವುದಿಲ್ಲ, ಬುಕಿಂಗಿನಲ್ಲಿ ಒಂದು ಮಗು ಇದೆ, ಈ ಬಗ್ಗೆ ನಿಮಗೆ ಮೂರು ಸಲ ಮೇಲ್ ಕಳಿಸಿದ್ದೆವು ಎಂದಳು. (ಆ ಕಂಪನಿಯಿಂದ ದಿನಕ್ಕೆ ನಾಲ್ಕು ಮೇಲ್ ಬರುತ್ತಿದ್ದವು. ಯಾರು ಓದುತ್ತಾರೆ?)

ಎಳನೀರನ್ನು ಪಕ್ಕಕ್ಕಿಟ್ಟು ಎದ್ದೆ. ಸ್ಟೋರ್ಸಿನಲ್ಲಿ ಮೂವತ್ತು ವರ್ಷ ಆಡಿಟರುಗಳನ್ನು ಕಂಡವನು ನಾನು. ತಪ್ಪು ನಮ್ಮದಿದ್ದಾಗ ಮೊದಲು ದನಿ ಏರಿಸಬೇಕು ಎಂಬುದು ನನ್ನ ಅನುಭವ. ಯಾವ ಮಗು, ನಾವು ಮೂವರೂ ದೊಡ್ಡವರು, ನಿಮ್ಮ ಕಂಪ್ಯೂಟರಿಗೆ ಕಣ್ಣಿಲ್ಲವೇ ಎಂದು ಶುರು ಮಾಡಿದೆ. ಪ್ರಮೋದಾಳೂ ಎದ್ದು ಬಂದು ನನ್ನ ಪಕ್ಕ ನಿಂತಳು. ನಮ್ಮಮ್ಮನಿಗೆ ಎಂಬತ್ತು ಹತ್ತಿರವಾಯಿತು, ಅವರ ಎದುರು ಮಗು ಗಿಗು ಎಂದು ಹುಡುಗಾಟ ಆಡುತ್ತೀರಾ ಎಂದು ಕನ್ನಡದಲ್ಲೇ ತರಾಟೆಗೆ ತೆಗೆದುಕೊಂಡಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ನನ್ನ ಪಕ್ಷ ವಹಿಸಿ ಜಗಳ ಮಾಡಿದ್ದು ಅದೇ ಮೊದಲು. ಆ ಹುಮ್ಮಸ್ಸಿನಲ್ಲಿ ನಾನು ಒಂದು ಹೆಜ್ಜೆ ಹೆಚ್ಚೇ ಮುಂದಿಟ್ಟೆ. ಮ್ಯಾನೇಜರನ್ನು ಕರೆಸಿ ಎಂದೆ.

ಮ್ಯಾನೇಜರು ಬಂದ. ಕೋಟು ಹಾಕಿದ, ಸಿಟ್ಟೇ ಬಾರದ ಮನುಷ್ಯ. ಅಂಥವರು ಬಹಳ ಅಪಾಯಕಾರಿ. ಅವನು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ, ನನ್ನ ಮೊಬೈಲ್ ನಂಬರಿನಿಂದ ಏಪ್ರಿಲ್ ಇಂಥ ದಿನ ಸಂಜೆ ಇಷ್ಟು ಗಂಟೆಗೆ ಬರೆದದ್ದನ್ನು ಓದಿದ. ಮಿಸ್ ಪಿಳ್ಳಮ್ಮ. ವಯಸ್ಸು ಏಳು. ಖಾರ ಕಮ್ಮಿ. ಬಿಸಿ ಹಾಲು. ಹಲ್ಲಿಲ್ಲ.

ಪ್ರಮೋದಾಳ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ "ಮಿಸ್ ಪಿಳ್ಳಮ್ಮ" ಅರ್ಥವಾಯಿತು. ನನ್ನ ಪಕ್ಕದಲ್ಲಿದ್ದವಳು ನಿಧಾನವಾಗಿ ಎದುರಿಗೆ ಬಂದು ನಿಂತಳು.

"ನಮ್ಮಮ್ಮನ್ನ ಏಳು ವರ್ಷದ ಮಗು ಅಂತ ಬರ್ಸಿದ್ರಾ?"

ಮೊಬೈಲಿನ ಪರದೆ ಸಣ್ಣದು, ನನ್ನ ಬೆರಳು ದಪ್ಪ, ಒಂಬತ್ತು ಬಿಟ್ಟುಹೋಗಿರಬೇಕು ಎಂದೆ. ಹಾಗಾದರೆ ಹಾಲಿನ ವಿಷಯವೂ ಬೆರಳು ಜಾರಿ ಬಂತೇ ಎಂದು ಕೇಳಿದಳು. ಮ್ಯಾನೇಜರು ಈ ಮಧ್ಯೆ ನಿಯಮ ಹೇಳಿದ. ಪಾಯಿಂಟಿನ ಬುಕಿಂಗು ಇಬ್ಬರಿಗೆ. ಮಗುವಿನ ಹೆಸರನ್ನು ತೆಗೆದುಹಾಕಬಹುದು. ಮೂವರಲ್ಲಿ ಯಾವ ಇಬ್ಬರು ಬೇಕಾದರೂ ಇರಬಹುದು. ಮೂರನೆಯವರು ಉಳಿಯಬೇಕಾದರೆ ದಿನಕ್ಕಿಷ್ಟು ಎಂದು ಒಂದು ಅಂಕಿ ಹೇಳಿದ. ಅಷ್ಟು ದುಡ್ಡಿಗೆ ಹೊಸಕೋಟೆಯಲ್ಲಿ ಒಂದು ಎಮ್ಮೆ ಬರುತ್ತದೆ.

ಆಗ ನಾನೊಂದು ದೊಡ್ಡ ಮನಸ್ಸಿನ ಮಾತಾಡಿದೆ. ಪರವಾಗಿಲ್ಲ, ನೀವಿಬ್ಬರೂ ಒಳಗಿರಿ, ನಾನು ಎಲ್ಲಾದರೂ ಹೊರಗೆ ಬಿದ್ದಿರುತ್ತೇನೆ ಎಂದೆ. ಇಂಥ ಮಾತನ್ನು ಗಂಡ ಆಡಿದಾಗ ಹೆಂಡತಿ ಕಣ್ಣೊರೆಸಿಕೊಂಡು, ಅದೆಲ್ಲಾದರೂ ಉಂಟೇ, ಎಲ್ಲರೂ ವಾಪಸ್ಸು ಹೋಗೋಣ ಎನ್ನುವುದು ವಾಡಿಕೆ. ಪ್ರಮೋದಾ ವಾಡಿಕೆ ಮುರಿದಳು. ಸೋಫಾದಲ್ಲಿ ಕೂತು ಎಳನೀರಿನ ತಳದ ಗಂಜಿಯನ್ನು ಚಮಚದಲ್ಲಿ ಕೆರೆಯುತ್ತಿದ್ದ ಅತ್ತೆಯವರ ಹತ್ತಿರ ಹೋಗಿ ಎಲ್ಲವನ್ನೂ ವಿವರಿಸಿದಳು. ಅವರಾದರೂ ನನ್ನ ಕೈಬಿಡುವುದಿಲ್ಲ ಎಂದು ನಂಬಿದ್ದೆ. ಅಳಿಯನ ಮೇಲೆ ಅವರಿಗೆ ಬಹಳ ಗೌರವ. ಅವರು ಚಮಚ ಕೆಳಗಿಟ್ಟರು.

"ಅಳಿಯಂದ್ರು ಬರ್ಸಿದ್ ಮೇಲೆ ಆಯ್ತು, ನಾನು ಮಗೂನೇ," ಎಂದರು. "ಮಗೂನ ಒಬ್ಳೇ ಬಿಡಕ್ಕಾಯ್ತದಾ? ಪ್ರಮೋದಾ ನನ್ ಜೊತೇಲಿರ್ಲಿ."

ಬಂಗಾರದ ಪಟ್ಟಿಗಳು ಅವರಿಬ್ಬರ ಕೈಗೆ ಹೋದವು. ಎಲ್ಲವನ್ನೂ ಒಳಗೊಂಡ ಆ ವ್ಯವಸ್ಥೆ ನನ್ನೊಬ್ಬನನ್ನು ಮಾತ್ರ ಹೊರಗಿಟ್ಟಿತು. ನನ್ನ ಪೆಟ್ಟಿಗೆಯನ್ನು ಗೇಟಿನವರೆಗೆ ಗೌರವದಿಂದ ತಂದುಕೊಟ್ಟರು. ಅದು ಉಚಿತ.

ಅರ್ಧ ಮೈಲಿ ದೂರದಲ್ಲಿ, ಬಸ್ ನಿಲ್ದಾಣದ ಹಿಂದೆ ನನಗೊಂದು ಲಾಡ್ಜು ಸಿಕ್ಕಿತು. ಕೆಳಗೆ ಒಣಮೀನಿನ ಅಂಗಡಿ, ಮೇಲೆ ನಾನು. ಫ್ಯಾನು ತಿರುಗಿದರೆ ವಾಸನೆ ರೂಮಿಗೆಲ್ಲ ಸಮನಾಗಿ ಹಂಚಿಕೆಯಾಗುತ್ತಿತ್ತು, ನಿಲ್ಲಿಸಿದರೆ ಹಾಸಿಗೆಯ ಮೇಲೇ ನಿಲ್ಲುತ್ತಿತ್ತು. ಒಂಬತ್ತು ವರ್ಷ ನೆರೆಹೊರೆಯ ಫ್ರಿಜ್ಜುಗಳಿಗೆಲ್ಲ ಕಾರ್ಡು ಉಜ್ಜಿದ ಮಹಾನುಭಾವ ಅಲ್ಲಿ ಬನಿಯನ್ನಿನಲ್ಲಿ ಕೂತು ಬ್ರೆಡ್ಡು ತಿಂದ.

ಫೋನಿನಲ್ಲಿ ಫೋಟೋಗಳು ಬರತೊಡಗಿದವು. ಪ್ರಮೋದಾ ಸಿಟ್ಟಿನಲ್ಲಿದ್ದಾಗ ಮಾತಾಡುವುದಿಲ್ಲ, ಫೋಟೋ ಕಳಿಸುತ್ತಾಳೆ ಎಂಬುದು ನನಗೆ ಆಗ ಗೊತ್ತಾಯಿತು. ಮುಷ್ಟಿಗಾತ್ರದ ಸಿಗಡಿ. ಕಲ್ಲಂಗಡಿಯಲ್ಲಿ ಕೆತ್ತಿದ ಹಂಸ. ಹನ್ನೊಂದು ಬಗೆಯ ಸಿಹಿ. ಅತ್ತೆಯವರು ಕೊಳದ ಅಂಚಿನಲ್ಲಿ ಸೀರೆ ಎತ್ತಿ ಕಟ್ಟಿ ಕಾಲು ಇಳಿಬಿಟ್ಟು ಕೂತಿರುವುದು, ಕೈಯಲ್ಲಿ ಛತ್ರಿ ಸಿಕ್ಕಿಸಿದ ಲೋಟ. ಅವರು ಕುಟ್ಟಿದ ಎಲೆ ಅಡಿಕೆ ಹಾಕಿಕೊಂಡು ಉಗಿಯಲು ಜಾಗ ಹುಡುಕುತ್ತಿದ್ದಾಗ ಬಾರಿನವನು ಮಂಜುಗಡ್ಡೆ ಇಡುವ ಬೆಳ್ಳಿ ಬಣ್ಣದ ಪಾತ್ರೆಯನ್ನೇ ತಂದಿಟ್ಟನಂತೆ. ಎರಡನೆಯ ದಿನಕ್ಕೆ ಅಲ್ಲಿಯ ಕೆಲಸಗಾರರೆಲ್ಲ ಅವರನ್ನು ಅಜ್ಜಿ ಎಂದು ಕರೆಯುತ್ತಿದ್ದರು. ಉತ್ತರ ಭಾರತದ ಇಬ್ಬರು ಹೆಂಗಸರು ಬಂದು ಅವರ ಕಾಲಿಗೆ ನಮಸ್ಕಾರ ಮಾಡಿ ಸೆಲ್ಫಿ ತೆಗೆಸಿಕೊಂಡರಂತೆ. ನನ್ನ ಜೊತೆ ಆ ದಿನ ಮಾತಾಡಿದ ಏಕೈಕ ವ್ಯಕ್ತಿ ಲಾಡ್ಜಿನವನು. ಬಕೆಟ್ಟಿನ ಹಿಡಿ ಮುರಿದದ್ದು ನೀವೇ ತಾನೇ ಎಂದು ಕೇಳಿದ.

ಆಮೇಲೆ ಒಂದು ವಿಷಯ ಹೊಳೆಯಿತು. ರೆಸಾರ್ಟು ಅವರದಿರಬಹುದು, ಸಮುದ್ರದ ದಂಡೆ ಯಾರಪ್ಪನದೂ ಅಲ್ಲ. ಮೂರನೆಯ ದಿನ ಬೆಳಗ್ಗೆ ದಂಡೆಯ ಗುಂಟ ನಡೆದು ರೆಸಾರ್ಟಿನ ಮುಂದಕ್ಕೆ ಬಂದೆ. ಅವರು ತಮ್ಮ ಮರಳಿಗೆ ಒಂದು ಹಗ್ಗ ಕಟ್ಟಿದ್ದರು. ಹಗ್ಗದ ಒಳಗೆ ಛತ್ರಿಯ ನೆರಳಿನಲ್ಲಿ ಪ್ರಮೋದಾ ಮತ್ತು ಅತ್ತೆಯವರು ಉದ್ದನೆಯ ಕುರ್ಚಿಗಳಲ್ಲಿ ಕಾಲು ಚಾಚಿ ಮಲಗಿದ್ದರು. ಹಗ್ಗದ ಹೊರಗೆ ಬಿಸಿಲಿನಲ್ಲಿ ನಾನು. ಅಂದಹಾಗೆ ನಾನು ಊಹಿಸಿದ್ದ ಥರದ ವಾತಾವರಣ ಅಲ್ಲಿರಲಿಲ್ಲ. ಸುತ್ತಮುತ್ತ ಇದ್ದವರೆಲ್ಲ ಅರವತ್ತು ದಾಟಿದ ದಂಪತಿಗಳು. ಪುಸ್ತಕ ಓದುತ್ತಿದ್ದರು.

ಅತ್ತೆಯವರು ನನ್ನನ್ನು ನೋಡಿದ ಕೂಡಲೇ ಎದ್ದು ಬಂದರು. ಅವರ ಮನಸ್ಸು ಒಳ್ಳೆಯದು, ನಾನು ಇಲ್ಲವೆನ್ನುವುದಿಲ್ಲ. ಸೆರಗಿನ ಗಂಟು ಬಿಚ್ಚಿ, ಕಾಗದದಲ್ಲಿ ಸುತ್ತಿದ ಎರಡು ತುಂಡು ಕೇಕು ತೆಗೆದು ಹಗ್ಗದ ಮೇಲಿಂದ ನನ್ನ ಕೈಗೆ ಕೊಟ್ಟರು. ಆ ಕ್ಷಣಕ್ಕೆ ಸೀಟಿ ಕೇಳಿಸಿತು. ಕಾವಲುಗಾರನೊಬ್ಬ ಓಡಿಬಂದ. ಒಳಗಿನ ತಿಂಡಿ ಹೊರಗೆ ಹೋಗಬಾರದಂತೆ. ಅಷ್ಟೇ ಅಲ್ಲ, ಈ ಗಡ್ಡದವನು ಅರ್ಧ ಗಂಟೆಯಿಂದ ಹೆಂಗಸರನ್ನೇ ದಿಟ್ಟಿಸಿ ನೋಡುತ್ತ ನಿಂತಿದ್ದಾನೆ ಎಂದು ಅವನ ದೂರು. (ಲಾಡ್ಜಿನಲ್ಲಿ ಕನ್ನಡಿ ಇರಲಿಲ್ಲ, ಮೂರು ದಿನದಿಂದ ಗಡ್ಡ ಹೆರೆದಿರಲಿಲ್ಲ.) ಅತ್ತೆಯವರ ಕನ್ನಡ ಕೇಳಿ ಅವನ ಮುಖ ಅರಳಿತು. ಅವನು ಹಾವೇರಿ ಕಡೆಯವನು. ನಮ್ಮವನೇ ಸಿಕ್ಕಿದ, ಬದುಕಿದೆ ಎಂದುಕೊಂಡೆ. ಅವನು ನನ್ನ ತೋಳು ಹಿಡಿದುಕೊಂಡೇ ಪ್ರಮೋದಾಳ ಕಡೆ ತಿರುಗಿದ.

"ಅಕ್ಕಾರ, ಈ ಮನಶ್ಯಾ ನಿಮಗೇನರ ತ್ರಾಸ ಕೊಡಾಕ ಹತ್ಯಾನೇನ್ರಿ?"

ಪ್ರಮೋದಾ ಕಪ್ಪು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹೂಂ," ಎಂದಳು. "ಇಪ್ಪತ್ತೆಂಟು ವರ್ಷದಿಂದ."

ಆ ಮನುಷ್ಯನಿಗೆ ಹಾಸ್ಯಪ್ರಜ್ಞೆ ಇರಲಿಲ್ಲ. ನನ್ನನ್ನು ದೋಣಿಗಳು ನಿಂತಿದ್ದ ಕಡೆಯವರೆಗೂ ನಡೆಸಿಕೊಂಡು ಹೋಗಿ ಬಿಟ್ಟುಬಂದ. ದಾರಿಯಲ್ಲಿ ಕೇಕೂ ಮರಳು ಪಾಲಾಯಿತು.

ಅದೇ ಸಂಜೆ ಇನ್ನೊಂದು ಅನಾಹುತ ನೋಡಬೇಕಾಯಿತು. ಆ ಪ್ಯಾಕೇಜಿನಲ್ಲಿ ದಂಪತಿಗಳಿಗೆಂದೇ ಸಮುದ್ರದ ಪಕ್ಕ ಒಂದು ವಿಶೇಷ ಊಟ ಇತ್ತು. ಮೊಬೈಲಿನಲ್ಲಿ ಆ ಚಿತ್ರ ನೋಡಿಯೇ ನಾನು ಮನಸೋತದ್ದು. ದೋಣಿಗಳ ಮರೆಯಿಂದ ನೋಡಿದೆ. ಸೂರ್ಯ ಮುಳುಗುತ್ತಿದ್ದ. ಮರಳಿನ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜು, ಸುತ್ತ ಹೃದಯದ ಆಕಾರದಲ್ಲಿ ಗುಲಾಬಿ ಪಕಳೆ, ಎರಡು ಮೇಣದ ಬತ್ತಿ. ಒಂದು ಕಡೆ ನನ್ನ ಹೆಂಡತಿ ಗಿಳಿಹಸಿರು ರೇಷ್ಮೆ ಸೀರೆಯಲ್ಲಿ, ಇನ್ನೊಂದು ಕಡೆ, ನಾನು ಕೂರಬೇಕಾದ ಕುರ್ಚಿಯಲ್ಲಿ, ನನ್ನ ಅತ್ತೆ. ಅವರ ಕಿವಿಯ ಹತ್ತಿರ ಒಬ್ಬ ಪಿಟೀಲು ಬಾರಿಸುತ್ತಿದ್ದ. ಅವರು ಅವನನ್ನು ನಿಲ್ಲಿಸಿ ಏನೋ ಕೇಳಿದರು. ಊಟ ಆಯಿತೇ ಎಂದು ಕೇಳಿರಬೇಕು, ಏಕೆಂದರೆ ಆಮೇಲೆ ಅವನೂ ಒಂದು ಕುರ್ಚಿ ಎಳೆದುಕೊಂಡು ಕೂತ. ಬಾಡಿಗೆಗೆ ಬಂದ ಪಿಟೀಲಿನವನಿಗೂ ಆ ಮೇಜಿನಲ್ಲಿ ಜಾಗ ಇತ್ತು ಎಂಬುದನ್ನು ನೀವು ಗಮನಿಸಬೇಕು.

ಕೊನೆಯ ದಿನ ಮಧ್ಯಾಹ್ನ ದಂಡೆಯ ಚಪ್ಪರದ ಹೋಟೆಲಿನಲ್ಲಿ ಮೀನು ಸಾರು ಅನ್ನ ಹೇಳಿ ಕೂತಿದ್ದೆ. ಎದುರಿನ ಕುರ್ಚಿಯನ್ನು ಯಾರೋ ಎಳೆದರು. ಪ್ರಮೋದಾ. ಕೈಯಲ್ಲಿ ಬಂಗಾರದ ಪಟ್ಟಿ, ಮುಖ ಬಿಸಿಲಿಗೆ ಕೆಂಪಾಗಿತ್ತು. ಒಳಗಿನದು ತಿಂದು ತಿಂದು ನಾಲಿಗೆ ಸತ್ತಿದೆ, ನನಗೂ ಒಂದು ಊಟ ಹೇಳಿ ಎಂದಳು. ಹೇಳಿದೆ. ಇಬ್ಬರೂ ಅರ್ಧ ಊಟ ಮುಗಿಸಿದೆವು. ನಾವಿಬ್ಬರೇ. ನನಗೆ ಅದು ಹೊಳೆದಾಗ ಅನ್ನ ಕಲಸುವುದು ಮರೆತುಹೋಯಿತು.

ಅವಳೇ ಮಾತು ತೆಗೆದಳು. ನಿನ್ನೆ ಅಮ್ಮ ಅಲೆಯಲ್ಲಿ ಕಾಲಿಟ್ಟುಕೊಂಡು ಎರಡು ಗಂಟೆ ಕೂತಿದ್ದಳು, ಕಪ್ಪೆಚಿಪ್ಪು ಆರಿಸಿ ಮಡಿಲು ತುಂಬಿಕೊಂಡಳು, ಕರೆದರೂ ಏಳಲಿಲ್ಲ ಎಂದಳು.

"ಅಮ್ಮ ಏಳು ವರ್ಷದಾಗೆ ಹೆಂಗಿದ್ಳು ಗೊತ್ತೇನ್ರೀ? ಸೊಂಟದ ಮೇಲೆ ತಮ್ಮ, ಕೈಯಾಗೆ ತಂಗಿ. ಮೂರ್ನೇ ಕ್ಲಾಸಿಗೇ ಸ್ಕೂಲು ಬಿಡ್ಸಿದ್ರಂತೆ. ಆಡಿದ್ದೇ ನೆನಪಿಲ್ಲ ಅಂದ್ಳು. ಇಷ್ಟು ವರ್ಷ ನಂಗೆ ಇದೊಂದೂ ಹೇಳಿರ್ಲಿಲ್ಲ. ನಾನೂ ಕೇಳಿರ್ಲಿಲ್ಲ ಅನ್ನಿ."

ಅವಳ ಕಣ್ಣು ತುಂಬಿತ್ತು. ಅಂಥ ಹೊತ್ತಿನಲ್ಲಿ ಜಾಣನಾದವನು ಸುಮ್ಮನಿರುತ್ತಾನೆ. ನಾನು ನೀರು ಕುಡಿದು, ಹಾಗಾದರೆ ನಾನು ಹಾಗೆ ಬರೆಸಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತಲ್ಲವೇ ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬಯ್ಯದೆ, ಹೌದು ಎಂದಳು. ನಾನು ಹೇಳಿದ್ದಕ್ಕೆ ಅವಳು ಹೌದು ಎಂದದ್ದು ಎಷ್ಟು ಹೊಸದೆಂದರೆ ನನಗೆ ತಲೆ ತಿರುಗಿತು. ಆ ಆವೇಶದಲ್ಲಿ, ಮುಂದಿನ ಮೇ ತಿಂಗಳಿಗೆ ಮತ್ತೆ ಬರೋಣ, ಹಗಲಿರುಳು ಪಾಯಿಂಟು ಕೂಡಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

"ನಂಗೊತ್ತಿತ್ತು ನೀವು ಹಿಂಗೇ ಅಂತೀರ ಅಂತ," ಎಂದು ಅವಳು ಪರ್ಸಿನಿಂದ ಒಂದು ಚೀಟಿ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟಳು.

ಅದು ನನ್ನ ಲಾಡ್ಜಿನ ರಸೀದಿ. ಬರುವಾಗ ದಾರಿಯಲ್ಲಿ ಹೊಕ್ಕು, ಮುಂದಿನ ವರ್ಷದ ಮೇ ಕೊನೆಯ ವಾರಕ್ಕೆ ಅದೇ ರೂಮಿಗೆ ಮುಂಗಡ ಕಟ್ಟಿ ಬಂದಿದ್ದಳು. ಒಂದೇ ಮಂಚ ಎಂದು ಸ್ಪಷ್ಟವಾಗಿ ಬರೆಸಿದ್ದಳು.

"ನಿಮ್ಗೆ ಹೆಂಗೂ ಆ ರೂಮು ಒಗ್ಗೈತೆ," ಎಂದಳು. "ಒಳಗೆ ನಾನು, ಅಮ್ಮ, ಕೆಂಪರಾಜುನ ಹೆಂಡ್ತಿ. ಮೂರು ಜನಕ್ಕೂ ದೊಡ್ಡೋರ್ ಪಾಯಿಂಟೇ ಕೂಡ್ಸಿ, ಮತ್ತೆ. ಟವೆಲ್ಲೆಲ್ಲಿ, ಬನಿಯನ್ನೆಲ್ಲಿ ಅಂತ ಯಾರೂ ಕೂಗ್ದೇ ಇರೋ ನಾಲ್ಕು ದಿನ ನಾನು ನೋಡೇ ಇರ್ಲಿಲ್ಲ ಕಣ್ರೀ."

ನಾನು ಪ್ರತಿಭಟಿಸಲು ಬಾಯಿ ತೆರೆದೆ. ಅವಳು ತನ್ನ ತಟ್ಟೆಯಲ್ಲಿ ಮುಳ್ಳು ಬಿಡಿಸಿಟ್ಟಿದ್ದ ಮೀನಿನ ದೊಡ್ಡ ತುಂಡನ್ನು ಎತ್ತಿ ನನ್ನ ಬಾಯಿಗಿಟ್ಟಳು. ಮೀನು ಬಹಳ ಚೆನ್ನಾಗಿತ್ತು. ಅದನ್ನು ಅಗಿದು ನುಂಗಿ, ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ನಾನು ತಲೆಯೆತ್ತುವ ಹೊತ್ತಿಗೆ ಅವಳು ಕೈ ತೊಳೆದು, ಮರಳಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಅಮ್ಮನಿಗೆ ಮಾತ್ರೆ ಕೊಡುವ ಹೊತ್ತಾಯಿತು ಎಂದು ಗೇಟಿನ ಕಡೆ ಹೊರಟಿದ್ದಳು.